ಇನ್ನೂರ ಇಪ್ಪತ್ತೊಂದನೆಯ ಪುಟ

ಜೂನ್ ೧೪, ೨೦೨೫, ಶನಿವಾರ. ಜ್ಯೇಷ್ಠ ಬಹುಳ ತದಿಗೆ.

ಸ್ನಾನ, ಸಂಧ್ಯಾವಂದನೆ, ದೇವರ ಪೂಜೆಗಳು ಎಂಟೂವರೆಗೆ ಯಥಾವಿಧಿ ಮುಗಿದವು. ಸದಾಶಿವ ಪೇಠೆಯ ಮನೆಯಿಂದ ನಡೆದು, ಶಿವಾಜಿನಗರದಲ್ಲಿರುವ ವಕೀಲೆ ಸ್ನೇಹಲ್ ಅವರ ಕಚೇರಿಯನ್ನು ಹತ್ತಕ್ಕೆ ತಲುಪಿದೆ. ನ್ಯಾಯಶಾಸ್ತ್ರದ ಮಹಾವಿದ್ಯಾಲಯವೊಂದರ ಗ್ರಂಥಪಾಲನಾಗಿ ನಾನು ಮೂವತ್ತೊಂದು ವರ್ಷ ಕುಳಿತ ಮೇಜಿನ ಮುಂದೆ ನಿಂತು ಪುಸ್ತಕ ಪಡೆದವರಲ್ಲಿ ಆಕೆಯೂ ಒಬ್ಬಳು, ಮನೆಮಾತು ಕನ್ನಡ. ನಿವೃತ್ತನಾಗಿ ಹದಿನೆಂಟು ವರ್ಷ ಕಳೆದಿದ್ದರೂ ವಾರಕ್ಕೆ ಮೂರು ದಿನ ಕರೆಸಿಕೊಂಡು, ವಾದಪತ್ರಗಳ ಅಡಿಟಿಪ್ಪಣಿಗಳನ್ನು ನನ್ನಿಂದ ತಿದ್ದಿಸುತ್ತಾಳೆ.

ಇಂದಿನ ಪ್ರಕರಣ ಇದು. ದೇವಾನಂದನೆಂಬ ಯಾದಗಿರಿ ಸೀಮೆಯ ಮನುಷ್ಯ ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ತೊಟ್ಟಿ ತೊಳೆಯುವ ಆಳುಗಳ ಮುಕಾದಮ, ಎಂದರೆ ಮೇಸ್ತ್ರಿ, ಆಗಿದ್ದ. ತೊಟ್ಟಿಗೆ ಇಳಿದ ಇಬ್ಬರು ವಿಷವಾಯುವಿನಿಂದ ಮೃತರಾದರು. ಅಪಾಯ ತಿಳಿದೂ ಅವರನ್ನು ಇಳಿಸಿದವನು ತಾನೇ ಎಂದು ಈತ ದಂಡಾಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡಂತೆ ಮರಾಠಿಯಲ್ಲಿ ಬರೆದ ಕಾಗದವಿದೆ. ಅದಕ್ಕೆ ಈತನ ಹೆಬ್ಬೆಟ್ಟಿದೆ. ಏಳು ವರ್ಷದ ಶಿಕ್ಷೆಯಲ್ಲಿ ಇದು ಯೆರವಡಾ ಕಾರಾಗೃಹದ ಮೂರನೆಯ ವರ್ಷ. ಮೇಲ್ಮನವಿ ತೀರ್ಮಾನವಾಗುವುದು ಎಂದಿಗೋ. ಅಲ್ಲಿಯವರೆಗೆ ಶಿಕ್ಷೆಯನ್ನು ತಡೆಹಿಡಿದು ಬಿಡಬೇಕೆಂದು ಅರ್ಜಿ. ಹನ್ನೆರಡು ವರ್ಷ ಈ ಮರಾಠಿ ನಾಡಿನಲ್ಲಿ ದುಡಿದವನಿಗೆ ಮರಾಠಿ ತಿಳಿಯದೆಂದರೆ ನಂಬಲಾಗದೆಂದು ಕೆಳಗಿನ ನ್ಯಾಯಾಲಯ ಹೇಳಿದೆ.

“ಇದರ ಮ್ಯಾಲ ಯಾರರ ದೊಡ್ಡವರು ಬರದದ್ದು ಅದ ಏನ್ರಿ, ಕಾಕಾ?” ಎಂದು ಸ್ನೇಹಲ್ ಕೇಳಿದಳು.

ನಾನು ಕಣ್ಣು ಮುಚ್ಚಿದೆ. ವಾಕ್ಯ ತಾನಾಗಿ ಎದ್ದು ಬಂದಿತು: “ಹಾರೆ ಕೇಳಲು ಆಳಿಗೆ ನೂರು ಮಾತು ಸಾಕು, ಆ ನೂರು ಮಾತಿನಲ್ಲಿ ಅವನು ತನ್ನ ಬದುಕನ್ನು ಒಪ್ಪಿಸಿಕೊಡಲಾರ.” ಮೂಲ ಆಂಗ್ಲದಲ್ಲಿದೆ, ನೌಕರಿಗೆ ಸೇರಿದ ಹೊಸತರಲ್ಲಿ ಓದಿದ್ದು. ಆಕರವನ್ನೂ ಒಡನೆಯೇ ಬರೆಯಿಸಿದೆ: ಶ್ಯಾಮರಾವ್ ನರಗುಂದಕರ, ‘ಅನ್ಯಭಾಷೆಯಲ್ಲಿ ತಪ್ಪೊಪ್ಪಿಗೆ’, ೧೨ ಪಶ್ಚಿಮ ಭಾರತ ನ್ಯಾಯ ತ್ರೈಮಾಸಿಕ ೨೧೪, ೨೨೧ (೧೯೭೮).

ಲೇಖನವೊಂದನ್ನು ಉಲ್ಲೇಖಿಸುವುದು ಅಭಿವಾದನದಲ್ಲಿ ಪ್ರವರ ಹೇಳಿದಂತೆ. ಋಷಿಗಳು, ಗೋತ್ರ, ಸೂತ್ರ, ಶಾಖೆ, ಕೊನೆಗೆ ತನ್ನ ಹೆಸರು. ಒಂದು ತಪ್ಪಿದರೂ ನಮಸ್ಕಾರ ಹಿರಿಯರನ್ನು ಮುಟ್ಟದು. ಇಲ್ಲಿಯೂ ಬರೆದವರ ಹೆಸರು, ಲೇಖನದ ಹೆಸರು, ಸಂಪುಟ, ಪತ್ರಿಕೆ, ಲೇಖನ ಮೊದಲಾಗುವ ಪುಟ, ಬೇಕಾದ ಮಾತಿರುವ ಪುಟ, ವರ್ಷ. ಮೊದಲ ಪುಟ ಊರಾದರೆ ಎರಡನೆಯದು ಮನೆ.

ಕಿರಿಯ ವಕೀಲೆ ನೀತಾ, ಸೊಲ್ಲಾಪುರದ ಕಡೆಯವಳು, ಬೆರಳಚ್ಚು ಮಾಡುತ್ತ ಕೇಳಿದಳು: “ಅಜ್ಜಾ, ನಾ ಲೈಬ್ರರಿಗೆ ಹೋಗಿ ಪುಸ್ತಕ ನೋಡಿ ಬರ್ಲೇನ್ರಿ?”

“ನಮ್ಮ ವೇದ ಪಾಠಶಾಲಿಯೊಳಗ ಪುಸ್ತಕದ ಕಡೆ ಕಣ್ಣು ಹಾಯಿಸಿದವಗ ಅವತ್ತ ತುಪ್ಪ ಇಲ್ಲ ಅಂತಿದ್ರು, ತಿಳೀತೇನವಾ?” ಎಂದೆ. ಇಬ್ಬರೂ ನಕ್ಕರು. ನೀತಾ ಬರೆದುಕೊಂಡಳು.

ಹೊರಗಿನ ಬೆಂಚಿನ ಮೇಲೆ ಆ ಕೈದಿಯ ಹೆಂಡತಿ ಕುಳಿತಿದ್ದಳು. ಮನೆಗೆ ಬಂದು ಮತ್ತೆ ಸ್ನಾನ ಮಾಡಿದೆ.

ಜೂನ್ ೧೯, ಗುರುವಾರ. ಜ್ಯೇಷ್ಠ ಬಹುಳ ಅಷ್ಟಮಿ.

ಇಂದು ಆ ಹೆಣ್ಣುಮಗಳು ಒಳಗೇ ಬಂದು ನನ್ನ ಮೇಜಿನ ಬಳಿ ನೆಲದ ಮೇಲೆ ಕುಳಿತಳು. ಮರೆಮ್ಮ ಎಂದು ಹೆಸರು. ಯೆರವಡೆಯ ಜೋಪಡಿಗಳ ಬಸ್ತಿಯಲ್ಲಿ ವಾಸ, ಕಟ್ಟಡದ ಕೆಲಸ. ಅಚ್ಚಾದ ವಾದಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಪುಟದ ಕೆಳಭಾಗಕ್ಕೆ ಬೆರಳು ಇಟ್ಟಳು.

“ಇಲ್ಲಿ ಯಾಕ್ರಿ ಅಜ್ಜಾರ, ಅಕ್ಷರ ಇಷ್ಟ್ ಸಣ್ಣು ಮಾಡ್ಯಾರ? ಕಾಗದ ಸಾಲಲಿಲ್ಲೇನು?”

“ಮ್ಯಾಲಿನ ಮಾತಿಗೆ ಅದು ಸಾಕ್ಷಿ.”

“ನಮ್ಮ ಕಡೀಗೂ ಸಾಕ್ಷಿ ಅದಾರಂದ್ರಿ! ಯಾರ್ರಿ ಅವ್ರು?”

“ಶ್ಯಾಮರಾವ್ ನರಗುಂದಕರ ಅಂತ. ಭಾಳ ದೊಡ್ಡ ವಕೀಲರು.”

“ಎಲ್ಲಿ ಅದಾರಿ? ಕಾಲಿಗೆ ಬಿದ್ದು ಬರ್ತೀನಿ.”

“ತೀರಿಕೊಂಡು ಮೂವತ್ತು ವರ್ಷ ಆತು.”

ಆಕೆ ಬೆರಗಾಗಿ ನಕ್ಕಳು. “ಬದುಕಿದ್ದೋರು ಒಬ್ಬರೂ ಬರ್ಲಿಲ್ರಿ ಕೋರ್ಟಿಗೆ. ಸತ್ತೋರು ಬಂದಾರಂದ್ರ ಅವರು ದೊಡ್ಡೋರ ಬಿಡ್ರಿ.”

ಸೆರಗಿನಿಂದ ಹುರಿದ ಶೇಂಗಾ ತೆಗೆದು ಕೊಡಬಂದಳು. ಹೊರಗೆ ಏನೂ ಸೇವಿಸುವುದಿಲ್ಲವೆಂದು ಹೇಳಿದೆ.

ಜುಲೈ ೬, ಭಾನುವಾರ. ಆಷಾಢ ಶುದ್ಧ ಏಕಾದಶಿ.

ನಿರ್ಜಲ ಉಪವಾಸ. ಬೆಳಿಗ್ಗೆ ಮಠಕ್ಕೆ ಹೋಗಿ ಮುದ್ರಾಧಾರಣೆ ಮಾಡಿಸಿಕೊಂಡೆ. ಕಾಯಿಸಿದ ಶಂಖಚಕ್ರಗಳು ತೋಳಿಗೆ ತಾಗಿದಾಗ, ಈ ದೇಹವೂ ಒಡೆಯನ ಹೆಸರು ಹೊತ್ತ ಒಂದು ಗ್ರಂಥವೆಂಬ ಭಾವ ಬಂದು ಕಣ್ಣು ತುಂಬಿದವು.

ಬುಧವಾರ ರಾಜಧಾನಿಯ ಉಚ್ಚ ನ್ಯಾಯಾಲಯದಲ್ಲಿ ವಿಚಾರಣೆ, ರೈಲಿನಲ್ಲಿ ಹೋಗಿ ಬರಬೇಕು. ನಾನೂ ಬರಬೇಕೆಂದು ಸ್ನೇಹಲ್ ಬಯಸಿದ್ದಾಳೆ. ಮನೆಯವಳು ಕೃಷ್ಣಾಬಾಯಿ ಇದನ್ನು ಕೇಳಿ, “ನಿಮ್ಮ ಕೊರಳಾಗಿನ ವಾಕ್ಯ ಕೇಳ್ಲಿಕ್ಕೆ ಜಡ್ಜ್ ಸಾಹೇಬ್ರು ಕಾದು ಕೂತಾರೇನ್ರಿ? ಕನ್ನಡಕ ಎಲ್ಲಿಟ್ಟೀನಿ ಅನ್ನೂದು ಮಾತ್ರ ಕೊರಳಾಗ ಇರಂಗಿಲ್ಲ” ಎಂದಳು.

ಜುಲೈ ೯, ಬುಧವಾರ. ಆಷಾಢ ಶುದ್ಧ ಚತುರ್ದಶಿ.

ಬರೆಯಲು ಕೈ ಬರುತ್ತಿಲ್ಲ. ಆದರೂ ಕ್ರಮವಾಗಿ ಬರೆಯುತ್ತೇನೆ.

ಸ್ನೇಹಲ್ ಚೆನ್ನಾಗಿಯೇ ವಾದಿಸಿದಳು. ನರಗುಂದಕರರ ವಾಕ್ಯವನ್ನು ಓದಿದಾಗ ನ್ಯಾಯಮೂರ್ತಿಗಳು ತಲೆಯೆತ್ತಿ, ಇನ್ನೊಮ್ಮೆ ಓದಿಸಿದರು. ಅನಂತರ ಸರ್ಕಾರಿ ವಕೀಲರು ಎದ್ದು, ಪತ್ರಿಕೆಯ ಹನ್ನೆರಡನೆಯ ಸಂಪುಟ ತಮ್ಮ ಕೈಯಲ್ಲಿದೆ, ಅದು ಇನ್ನೂರ ಎಂಟನೆಯ ಪುಟಕ್ಕೆ ಮುಗಿಯುತ್ತದೆ, ಇನ್ನೂರ ಇಪ್ಪತ್ತೊಂದನೆಯ ಪುಟವೇ ಅದರಲ್ಲಿಲ್ಲ ಎಂದರು. ಈ ಹೆಸರಿನ ಲೇಖನವೂ ಆ ಸಂಪುಟದಲ್ಲಿಲ್ಲ ಎಂದರು.

ನ್ಯಾಯಮೂರ್ತಿಗಳು ಕನ್ನಡಕ ತೆಗೆದಿಟ್ಟರು. “ಇಲ್ಲದ ಲೇಖನಗಳನ್ನು ಈಚೆಗೆ ಯಂತ್ರಗಳು ಹೆರುತ್ತಿವೆ. ಇದೂ ಅಂಥದೇ ಏನು?” ಈ ಉಲ್ಲೇಖ ಎಲ್ಲಿಂದ ಬಂದಿತು, ಯಾರು ಬರೆದರು ಎಂದು ಪ್ರಮಾಣಪತ್ರ ಸಲ್ಲಿಸಲು ಆಜ್ಞೆಯಾಯಿತು, ತೃಪ್ತಿಕರವಾಗದಿದ್ದರೆ ಬರೆದವರ ವಿಷಯವನ್ನು ವಕೀಲರ ಪರಿಷತ್ತಿಗೆ ಕಳಿಸುವರಂತೆ. ಮುಂದಿನ ದಿನಾಂಕ ಆಗಸ್ಟ್ ನಾಲ್ಕು.

ಮರಳುವ ರೈಲಿನಲ್ಲಿ ಸ್ನೇಹಲ್ ಲೋಣಾವಳೆಯವರೆಗೆ ವಾದಪತ್ರವನ್ನು ಮೊದಲಿನಿಂದ ತಿರುವಿ ನೋಡಿದಳು. ಆಮೇಲೆ ನೀತಾಳಿಗೆ, “ಖರೇ ಹೇಳು. ಕಂಪ್ಯೂಟರಿಗೆ ಕೇಳಿ ಹಾಕೀದಿ?” ಎಂದಳು.

“ಅಕ್ಕಾ, ಅಜ್ಜಾರು ಹೇಳಿದ್ದ ನಾ ಟೈಪ್ ಹೊಡದೀನಿ. ಒಂದಕ್ಷರ ಆಕಡೆ ಈಕಡೆ ಮಾಡಿಲ್ಲ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಸತ್ಯವನ್ನೇ ಹೇಳಿದೆ: “ನಾ ತಪ್ಪು ಹೇಳೂದು ಸಾಧ್ಯ ಇಲ್ಲ. ಬರಕೊಳ್ಳೂದ್ರಾಗ ಅಂಕಿ ಪಲ್ಲಟ ಆಗಿರಬೇಕು.”

ನೀತಾ ಕಿಟಕಿಯ ಕಡೆ ತಿರುಗಿದಳು. ಸಂಧ್ಯಾವಂದನೆಯ ಕಾಲ ರೈಲಿನಲ್ಲಿಯೇ ಮೀರಿತು. ಮನೆಗೆ ಬಂದು ಪ್ರಾಯಶ್ಚಿತ್ತಾರ್ಘ್ಯ ಕೊಟ್ಟೆ.

ಜುಲೈ ೧೧, ಶುಕ್ರವಾರ. ಆಷಾಢ ಬಹುಳ ಪಾಡ್ಯ.

ನೀತಾಳನ್ನು ಸ್ನೇಹಲ್ ಕಚೇರಿಗೆ ಬರಬೇಡವೆಂದಳಂತೆ. ತರುಣರಿಗೆ ಅಂಕಿಸಂಖ್ಯೆಗಳಲ್ಲಿ ಭಯಭಕ್ತಿಯಿಲ್ಲ. ಇದರಿಂದ ಆಕೆಗೆ ಪಾಠವಾದೀತು.

ಜುಲೈ ೧೪, ಸೋಮವಾರ.

ಮೂರು ದಿನದಿಂದ ನಾನಿದ್ದ ಹಳೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹುಡುಕುತ್ತಿದ್ದೇನೆ. ಈಗಿನ ಗ್ರಂಥಪಾಲಕಿ ಕುರ್ಚಿ ಹಾಕಿಕೊಟ್ಟಿದ್ದಾಳೆ. ಹನ್ನೆರಡನೆಯ ಸಂಪುಟ ನಿಜಕ್ಕೂ ಇನ್ನೂರ ಎಂಟಕ್ಕೆ ಮುಗಿಯುತ್ತದೆ.

ನಮ್ಮ ಹಿರಿಯರ ವ್ಯಾಖ್ಯಾನಗಳಲ್ಲಿ ಇಂದು ಎಲ್ಲಿಯೂ ದೊರೆಯದ ಎಷ್ಟೋ ವಚನಗಳಿವೆ. ಆಕರ ಸಿಗದಿದ್ದರೆ ನಾವು ಗ್ರಂಥ ಲುಪ್ತವಾಯಿತೆನ್ನುವೆವು. ಹೇಳಿದವರು ತಪ್ಪಿದರೆಂದು ಎಣಿಸುವುದಿಲ್ಲ. ಹಾಗೆಯೇ ಈ ಸಂಪುಟಕ್ಕೂ ಅನುಬಂಧವೊಂದು ಇದ್ದು, ರಟ್ಟು ಕಟ್ಟುವಾಗ ಬಿಟ್ಟುಹೋಗಿರಬೇಕು. ರಟ್ಟು ಕಟ್ಟಿಸಿದವನು ನಾನೇ. ನೆನಪಾಗುತ್ತಿಲ್ಲ.

ಮೆಟ್ಟಿಲ ಬಳಿ ಮರೆಮ್ಮ ಕಾದಿದ್ದಳು. ಕೆಲಸ ಬಿಟ್ಟು ಬಂದಿದ್ದಳು. “ಸಿಕ್ರೇನ್ರಿ ಅವ್ರು?” ಎಂದು ಕೇಳಿದಳು, ಜಾತ್ರೆಯಲ್ಲಿ ಯಾರೋ ತಪ್ಪಿಸಿಕೊಂಡವರನ್ನು ಕೇಳುವಂತೆ.

ಜುಲೈ ೧೭, ಗುರುವಾರ.

ಸಿಕ್ಕಿತು. ಹನ್ನೊಂದನೆಯ ಸಂಪುಟ, ೧೯೭೭. ಲೇಖನ ನೂರ ಎಂಬತ್ತೇಳನೆಯ ಪುಟದಲ್ಲಿ ಮೊದಲಾಗುತ್ತದೆ. ವಾಕ್ಯ ನೂರ ತೊಂಬತ್ತಮೂರರ ಕೊನೆಯಲ್ಲಿದೆ, ನಾನು ಹೇಳಿದಂತೆಯೇ, ಅಕ್ಷರ ತಪ್ಪದೆ.

ಪುಟ ತಿರುಗಿಸಿದೆ.

ನೂರ ತೊಂಬತ್ತನಾಲ್ಕು: “ಎಂದು ಕೆಲವರು ವಾದಿಸುವರು. ಈ ವಾದ ಕಿವಿಗೆ ಇಂಪಾದರೂ ನ್ಯಾಯಕ್ಕೆ ಒಗ್ಗದು.” ಅಲ್ಲಿಂದ ಮೂರು ಪುಟ ಖಂಡನೆ. ಹತ್ತು ವರ್ಷ ಒಂದು ನಾಡಿನ ಅನ್ನ ಉಂಡವನು ಆ ನಾಡಿನ ಮಾತು ತಿಳಿಯೆನೆಂದರೆ ನ್ಯಾಯಾಲಯ ಒಪ್ಪಬಾರದು ಎಂಬುದೇ ನರಗುಂದಕರರ ಸಿದ್ಧಾಂತ.

ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಕಡಿಯುವುದು ಶಾಸ್ತ್ರದ ಪದ್ಧತಿ. ಅದು ಪೂರ್ವಪಕ್ಷ. ಹತ್ತು ವರ್ಷದ ಮಗುವಾಗಿದ್ದಾಗಲೇ ನನಗೆ ಕಲಿಸಿದ್ದರು. ನಲವತ್ತೆಂಟು ವರ್ಷ ನಾನು ಪೂರ್ವಪಕ್ಷವನ್ನು ಕೊರಳಲ್ಲಿಟ್ಟುಕೊಂಡು ಸಿದ್ಧಾಂತವೆಂದು ತಿಳಿದಿದ್ದೆ.

ಮನೆಗೆ ಬಂದು ಈ ದಿನಚರಿಯ ಜೂನ್ ಹದಿನಾಲ್ಕನ್ನು ತೆಗೆದೆ. ನನ್ನದೇ ಕೈಬರಹ: ೧೨. ೨೧೪, ೨೨೧. ೧೯೭೮.

ಜುಲೈ ೧೮.

ಯಾರಿಗೂ ಹೇಳಲಿಲ್ಲ.

ಜುಲೈ ೧೯, ಶನಿವಾರ.

ಸ್ನೇಹಲ್‌ಗೆ ಎಲ್ಲವನ್ನೂ ಹೇಳಿ, ನೂರ ತೊಂಬತ್ತನಾಲ್ಕನೆಯ ಪುಟದ ಛಾಯಾಪ್ರತಿಯನ್ನು ಮೇಜಿನ ಮೇಲಿಟ್ಟೆ. ಆಕೆ ಎರಡು ಸಲ ಓದಿ, ಪ್ರತಿಯನ್ನು ಮಗುಚಿಟ್ಟಳು.

“ಕಾಕಾ, ಎರಡು ದಾರಿ ಅವ. ನೆನಪಿನಿಂದ ಹೇಳಿದ್ದು ತಪ್ಪಾತು, ಉಲ್ಲೇಖ ಹಿಂದಕ್ಕ ತೊಗೋತೀವಿ ಅಂತ ಎರಡು ಸಾಲು ಬರದು ಕೈ ಮುಗದು ಬಿಡೂದು. ಲೇಖನ ಎಲ್ಲೈತಿ ಅಂತ ಅವರಾಗೇ ಹುಡುಕೂದಿಲ್ಲ. ದೇವಾನಂದನ ಉಳಿದ ವಾದ ಉಳೀತಾವ.”

“ನೀತಾ?”

“ಅದ ತೊಡಕು. ಲೇಖನ ತೋರಿಸದಿದ್ರ, ಹುಡುಗಿ ಯಂತ್ರದಿಂದ ಹುಟ್ಟಿಸಿದ್ದು, ಮುದುಕರನ್ನ ಮುಂದ ಮಾಡಿ ಮುಚ್ಚಲಿಕ್ಕೆ ಹತ್ಯಾರ ಅಂತಾರ. ಆಕಿ ವಕೀಲಿ ಸನದು ಹೋಗಬಹುದು. ಲೇಖನ ಇತ್ತು ಅಂತ ತೋರಿಸಿದ್ರ ಆಕಿ ಬಚಾವ್. ಆದ್ರ ಆ ಮುಂದಿನ ಪುಟ ಸರಕಾರದ ಕೈಯಾಗ ಕೊಟ್ಟಂಗ.”

ನಾನು ಏನು ಮಾಡಬೇಕೆಂದು ಕೇಳಿದೆ. “ಪ್ರಮಾಣಪತ್ರ ನಿಮ್ಮದು, ಕಾಕಾ” ಎಂದಳು. ಮೊದಲ ಬಾರಿಗೆ ನನ್ನನ್ನು ಕಳಿಸಲು ಬಾಗಿಲವರೆಗೆ ಬರಲಿಲ್ಲ.

ಜುಲೈ ೨೦, ಭಾನುವಾರ.

ಯೆರವಡೆಗೆ ಹೋದೆ. ಬಸ್ತಿಯ ಓಣಿಗಳಲ್ಲಿ ಕೇಳುತ್ತ ಕೇಳುತ್ತ ಮರೆಮ್ಮನ ಮನೆ ಸಿಕ್ಕಿತು. ತಗಡಿನ ಮನೆ, ಬಾಗಿಲಲ್ಲಿ ನಿಂತರೆ ಕಾರಾಗೃಹದ ಗೋಡೆಯ ತುದಿ ಕಾಣುತ್ತದೆ. ಗೋಡೆ ಕಾಣಲೆಂದೇ ಇಲ್ಲಿ ಬಾಡಿಗೆ ಹಿಡಿದಳಂತೆ.

ಎಲ್ಲವನ್ನೂ ತಿಳಿಯುವಂತೆ ಹೇಳಿದೆ. ಸಾಕ್ಷಿ ಸಿಕ್ಕಿದ್ದಾರೆ, ಆದರೆ ಎದುರು ಪಕ್ಷದವರು ಎಂದೆ. ನೀತಾಳ ಸಂಗತಿಯನ್ನೂ ಹೇಳಿದೆ. ಕೊನೆಗೆ, ಏನು ಮಾಡಲವ್ವ ಎಂದು ಕೇಳಿದೆ.

ಆಕೆ ಎದ್ದು ನಿಂತಳು.

“ಅದನ್ನ ನನಗ ಕೇಳ್ತೀರೇನ್ರಿ? ನಾ ಬ್ಯಾಡ ಅಂದ್ರ ಆ ಹುಡುಗಿ ಹಾಳಾಗ್ತಾಳ. ಹ್ಞೂ ಅಂದ್ರ ನನ್ನ ಗಂಡ ಒಳಗ ಕೊಳೀತಾನ. ಯಾವುದಂದ್ರೂ ನಾ ಅಂದಂಗ ಆಗ್ತದ. ದೊಡ್ಡೋರಿದ್ದೀರಿ, ಓದಿದೋರಿದ್ದೀರಿ. ನಿಮ್ಮ ಪಾಪ ತಂದು ನನ್ನ ಉಡಿಯಾಗ ಹಾಕಬ್ಯಾಡ್ರಿ.”

ಪಕ್ಕದ ಮನೆಯವರು ಇಣುಕಿದರು.

ನಾನು ಏಳುವಷ್ಟರಲ್ಲಿ ಸ್ಟೋವಿನ ಸದ್ದು ಕೇಳಿಸಿತು. “ಬಿಸಲಾಗ ಬಂದೀರಿ. ಚಾ ಕುಡದು ಹೋಗ್ರಿ.” ಸಕ್ಕರೆ ಹೆಚ್ಚಾಗಿತ್ತು. ಎರಡು ಲೋಟ ಕುಡಿದೆ.

ಜುಲೈ ೨೩, ಬುಧವಾರ.

ಪ್ರಮಾಣಪತ್ರ ಬರೆದು ಸಹಿ ಹಾಕಿದೆ. ನೆನಪಿನಿಂದ ಹೇಳಿದವನು ನಾನು. ಪುಸ್ತಕ ನೋಡುವೆನೆಂದ ನೀತಾಳನ್ನು ತಡೆದವನು ನಾನು. ಸರಿಯಾದ ಆಕರ: ೧೧ ಪಶ್ಚಿಮ ಭಾರತ ನ್ಯಾಯ ತ್ರೈಮಾಸಿಕ ೧೮೭, ೧೯೩ (೧೯೭೭). ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಲೇಖನಿ ನಿಂತೂ ಇತ್ತು. ಆಮೇಲೆ ಬರೆದೆ: ಲೇಖಕರು ೧೯೪ರಿಂದ ೧೯೬ರವರೆಗೆ ಈ ವಾದವನ್ನು ನಿರಾಕರಿಸಿದ್ದಾರೆ.

ಸಂಜೆ ನೀತಾಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

“ಇರ್ಲಿ ಬಿಡ್ರಿ ಅಜ್ಜಾ. ನೀವಂದ್ರ ದೇವರು ಅಂದಂಗ ಅಂತ ತಿಳದು ನೋಡದ ಹೊಡದೆ. ಅದು ನನ್ನ ತಪ್ಪು.” ಮತ್ತೆ ಆ ಕಚೇರಿಗೆ ಬರುವುದಿಲ್ಲವಂತೆ.

ಊಟಕ್ಕೆ ಕುಳಿತಾಗ ಕೃಷ್ಣಾಬಾಯಿ, “ಮುಂಜಾನಿ ದೇವರಿಗೆ ನೈವೇದ್ಯ ತೋರಿಸದ ಹೋಗಿದ್ರಿ. ನಾನ ತೋರಿಸೀನಿ” ಎಂದಳು. ಹೌದೇನು ಎಂದೆ.

ಆಗಸ್ಟ್ ೪, ಸೋಮವಾರ.

ಸ್ನೇಹಲ್ ವಾದಪತ್ರದಲ್ಲಿದ್ದ ಬೇರೆ ವಾದಗಳನ್ನೆಲ್ಲ ಹೇಳಿದಳು; ದುಭಾಷಿ ಇರಲಿಲ್ಲವೆಂದಳು, ಕಾರ್ಖಾನೆಯವರು ತೊಟ್ಟಿಯೊಳಗೆ ಗಾಳಿ ಹಾಯಿಸುವ ಯಂತ್ರ ಒದಗಿಸಿರಲಿಲ್ಲವೆಂದಳು. ಸರ್ಕಾರಿ ವಕೀಲರು ಹೆಚ್ಚು ಮಾತಾಡಲಿಲ್ಲ. “ಅರ್ಜಿದಾರರೇ ತಂದ ಲೇಖನವನ್ನು ಓದುತ್ತೇನೆ” ಎಂದು ನೂರ ತೊಂಬತ್ತನಾಲ್ಕನೆಯ ಪುಟವನ್ನು ಓದಿದರು. ನ್ಯಾಯಮೂರ್ತಿಗಳು ನನ್ನನ್ನು ಗುರುತಿಸಿ, ಈ ವಯಸ್ಸಿನಲ್ಲಿ ಇಷ್ಟು ಪ್ರಾಮಾಣಿಕತೆ ವಿರಳವೆಂದರು. ನೀತಾಳ ಮೇಲಿನ ಮಾತನ್ನು ಕೈಬಿಟ್ಟರು. ಆದೇಶ ಕಾಯ್ದಿರಿಸಿದ್ದಾರೆ.

ಪ್ರಶಂಸೆಯನ್ನು ಕೇಳುವಾಗ ಮರೆಮ್ಮ ಹಿಂದಿನ ಸಾಲಿನಲ್ಲಿದ್ದಳು. ಏನಂದ್ರು ಎಂದು ಕೇಳಿದಳು. ಆದೇಶ ಇನ್ನೂ ಬಂದಿಲ್ಲವೆಂದಷ್ಟೇ ಹೇಳಿದೆ.

ಆಗಸ್ಟ್ ೧೨, ಮಂಗಳವಾರ.

ಅರ್ಜಿ ತಿರಸ್ಕೃತ. ಮೇಲ್ಮನವಿ ತನ್ನ ಸರದಿಯಲ್ಲಿ ಬರುವುದು.

ಆದೇಶ ಒಂಬತ್ತು ಪುಟ. ಏಳನೆಯ ಪುಟದ ಅಡಿಯಲ್ಲಿ ನರಗುಂದಕರರು ಇದ್ದಾರೆ: ಹೆಸರು, ಶೀರ್ಷಿಕೆ, ಸಂಪುಟ, ಪತ್ರಿಕೆ, ಮೊದಲ ಪುಟ, ೧೯೪, ವರ್ಷ. ರೂಢಿಯಂತೆ ಪೆನ್ಸಿಲು ಹಿಡಿದು ನೋಡಿದೆ. ತಿದ್ದಲು ಏನೂ ಇಲ್ಲ. ಅಲ್ಪವಿರಾಮವೂ ಸರಿಯಾಗಿದೆ.

ಮರೆಮ್ಮನಿಗೆ ಆದೇಶವನ್ನು ಕನ್ನಡದಲ್ಲಿ ನಾನೇ ಓದಿ ಹೇಳಿದೆ. ಆಕೆ ಅಳಲಿಲ್ಲ. “ಮುಂದಿನ ಮಂಗಳಾರ ಜೇಲಿನ್ಯಾಗ ಮುಲಾಖತ್ ಅದ. ಅವರಿಗೆ ನೀವ ಬಂದು ಹೇಳ್ರಿ. ನನ್ನ ಬಾಯಿಗೆ ಬರೂದಿಲ್ಲ” ಎಂದಳು.

ಆಗಸ್ಟ್ ೧೯, ಮಂಗಳವಾರ.

ಎಂಟಕ್ಕೆ ಸಾಲಿನಲ್ಲಿ ನಿಂತೆವು. ನೋಂದಣಿಯಲ್ಲಿ ನಾನು ಏನಾಗಬೇಕೆಂದು ಕೇಳಿದಾಗ ಮರೆಮ್ಮ ಸೋದರಮಾವ ಎಂದು ಬರೆಸಿದಳು. ಸಹಿ ಹಾಕಿದೆ. ಹನ್ನೊಂದರವರೆಗೆ ಸರದಿ ಬರಲಿಲ್ಲ. ಗೋಡೆಯ ನೆರಳಲ್ಲಿ ಆಕೆ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ತಿಂದೆವು. ಇಂದು ಏಕಾದಶಿಯೆಂದು ಮನೆಗೆ ಬಂದ ಮೇಲೆ ಕೃಷ್ಣಾಬಾಯಿ ಹೇಳಿದಳು.

ದಪ್ಪ ಗಾಜು, ಈಕಡೆ ಒಂದು ಫೋನು, ಆಕಡೆ ಒಂದು. ದೇವಾನಂದನನ್ನು ನಾನು ನೋಡಿದ್ದು ಇದೇ ಮೊದಲು. ಕುಳ್ಳ ಮನುಷ್ಯ, ಕಿವಿಯ ಮೇಲೆ ನರೆ. ಮರೆಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು.

“ಅರ್ಜಿ ಹೋತಪಾ. ತಪ್ಪು ನಂದು. ಪುಸ್ತಕ ನೋಡದ ಹೇಳಿದೆ. ನೋಡಿದ ಮ್ಯಾಲ ಅದು ನಿನಗ ಎದುರಾತು.”

“ಪುಸ್ತಕದ ಸುದ್ದಿ ಮರೆಮ್ಮ ಮೊದಲ ಹೇಳಿದ್ದಳ್ರಿ. ಆ ಹುಡುಗಿ ಬಚಾವಾದಳೇನ್ರಿ?”

“ಆದಳು.”

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಗಾಜಿನ ಮೇಲಿನ ಕಲೆಯನ್ನು ಬೆರಳಿನಿಂದ ಉಜ್ಜಿದ. ಕಲೆ ನಮ್ಮ ಕಡೆಯಿತ್ತು.

“ಒಂದ್ ಮಾತು ಕೇಳ್ಲೇನ್ರಿ ಅಜ್ಜಾರ? ಮರಾಠಿಯಾಗ ನಾ ಏನ್ ಬರಸೀನಿ ಅನ್ನೂದು ಎಲ್ಲಾರೂ ಓದ್ಯಾರ. ಆ ಸತ್ತ ವಕೀಲರು ಏನ್ ಬರದಾರ, ಅದೂ ಓದ್ಯಾರ. ಆವತ್ತ ತೊಟ್ಟಿ ಮ್ಯಾಲ ಏನಾತು ಅಂತ ನನಗ ಯಾರೂ ಕೇಳ್ಲಿಲ್ಲಲ್ರಿ. ಪೊಲೀಸರೂ ಕೇಳ್ಲಿಲ್ಲ, ಮೊದಲಿನ ವಕೀಲರೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ.”

ಹೌದು. ಎರಡು ತಿಂಗಳಲ್ಲಿ ನನಗೂ ಅದು ತೋಚಿರಲಿಲ್ಲ.

“ಹೇಳಪಾ” ಎಂದೆ.

ಅವನು ಫೋನನ್ನು ಬಾಯಿಗೆ ಹತ್ತಿರ ಹಿಡಿದುಕೊಂಡ. “ಗಾಳಿ ಮಷಿನ್ ಮುಂಜಾನಿ ಏಳಕ್ಕ ಬರ್ತದ ಅಂದಿದ್ರು. ಒಂಬತ್ತಾದ್ರೂ ಬರ್ಲಿಲ್ಲ. ಆ ಇಬ್ಬರೊಳಗ ಅವ್ವಣ್ಣ ಅಂದ, ಮುಕಾದಮಾ, ನಾ ಇಳೀತೀನಿ, ಲಗೂ ಮುಗಸಿ ಊರಿಗೆ ಬಸ್ ಹಿಡೀಬೇಕು. ಬ್ಯಾಡಲೇ ಅಂದೆ. ಮಾಂತು ನಕ್ಕ, ಇವ ಯಾವಾಗ್ಲೂ ಅಂಜತಾನ ಅಂತ. ನಾ ಸಾಹೇಬರಿಗೆ ಹೇಳಿ ಬರ್ತೀನಿ, ಅಲ್ಲೀತನಕ ಯಾರೂ…”

ಫೋನು ನಿಂತಿತು. ನಮ್ಮ ಅವಧಿ ಮುಗಿದಿತ್ತು.

ಆಕಡೆ ಅವನಿಗೆ ಅದು ತಿಳಿಯಲಿಲ್ಲ. ಅವನ ತುಟಿಗಳು ಆಡುತ್ತಲೇ ಇದ್ದವು. ಒಂದು ಕೈ ಮೇಲೆ ಹೋಯಿತು, ಕೆಳಗೆ ಬಾಗಿ ಯಾರನ್ನೋ ಹಿಡಿದೆಳೆಯುವಂತೆ ಬಂತು, ಮತ್ತೆ ಮೇಲೆ ಹೋಯಿತು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ನಿಂತಿದ್ದೆ.